ತುಮಕೂರಿನ ಮನೆ ಮಾರಬೇಡಿ, ಬೀಗ ಹಾಕಿ: ಥಾಯ್ಲೆಂಡ್ ಕಡಲೂರಿಗೆ ಹೋಗಿ ನೆಲೆಸುವ ಪಿಂಚಣಿದಾರರಿಗೆ

ಅಮಾನಿಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ರಿಟೈರ್ ಆದವರ ಗುಂಪಿನಲ್ಲಿ ಈಚೆಗೆ ಒಂದು ಹೊಸ ಮಾತು ಶುರುವಾಗಿದೆ. ಮಕ್ಕಳು ಅಮೆರಿಕದಲ್ಲಿ, ಬೆಂಗಳೂರಿನಲ್ಲಿ. ನಾವಿಬ್ಬರೇ ಇಲ್ಲಿ ಧೂಳು ಕುಡಿದುಕೊಂಡು ಯಾಕೆ ಇರಬೇಕು, ಖರ್ಚು ಕಡಿಮೆ ಇರುವ ಯಾವುದಾದರೂ ಸಮುದ್ರದ ಊರಿಗೆ ಹೋಗಿ ಇರಬಾರದಾ ಅಂತ. ನಗಬೇಡಿ. ನಮ್ಮ ಭಾವ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿ, ಅಕ್ಕನನ್ನು ಕರೆದುಕೊಂಡು ಥಾಯ್ಲೆಂಡಿನ ಹುವಾ ಹಿನ್‌ಗೆ ಹೋಗಿದ್ದಾರೆ. ಅವರ ಕಾಗದಪತ್ರದ ಓಡಾಟವೆಲ್ಲ ನನ್ನ ತಲೆ ಮೇಲೆ ಬಿದ್ದಿದ್ದರಿಂದ ಇಷ್ಟು ಬರೆಯುವ ಧೈರ್ಯ ಬಂದಿದೆ.

ಥಾಯ್ಲೆಂಡೇ ಯಾಕೆ ಅಂದರೆ, ಅಲ್ಲಿ 50 ವರ್ಷ ದಾಟಿದವರಿಗೆ ಅಂತಲೇ ನಿವೃತ್ತಿ ವೀಸಾ ಇದೆ. ವಿಯೆಟ್ನಾಂ ಇನ್ನೂ ಅಗ್ಗ, ಆದರೆ ಅಲ್ಲಿ ಇಂಥ ವೀಸಾನೇ ಇಲ್ಲ, 90 ದಿನದ ಇ-ವೀಸಾ ಮುಗಿದ ಹಾಗೆಲ್ಲ ಓಡಾಡುತ್ತಿರಬೇಕು. ಹುವಾ ಹಿನ್ ಬ್ಯಾಂಕಾಕ್‌ನಿಂದ ಸುಮಾರು 200 ಕಿ.ಮೀ. ದಕ್ಷಿಣಕ್ಕಿದೆ. ಹೆಸರಿನ ಅರ್ಥ ಕಲ್ಲಿನ ತಲೆ. ಅಲ್ಲಿ ರಾಜರ ಬೇಸಿಗೆ ಅರಮನೆ ಇದೆ, ಅದರ ಹೆಸರು ಕ್ಲಾಯ್ ಕಾಂಗ್ವೊನ್, ಅಂದರೆ ಚಿಂತೆಯಿಂದ ದೂರ. ಭಾವನಿಗೆ ಈ ಹೆಸರು ತುಂಬಾ ಹಿಡಿಸಿತು. ವೀಸಾ ಕೆಲಸ ಶುರುವಾದ ಮೇಲೆ ಆ ಮಾತು ಎತ್ತಲಿಲ್ಲ.

ಮೊದಲು ಮಳೆಗಾಲದಲ್ಲಿ ಹೋಗಿ ಇದ್ದು ಬನ್ನಿ

ಎಲ್ಲರೂ ಡಿಸೆಂಬರ್, ಜನವರಿಯಲ್ಲಿ ಹೋಗಿ, ತಂಪು ಗಾಳಿ ನೋಡಿ ಮರುಳಾಗಿ ಬರುತ್ತಾರೆ. ನೀವು ಅಕ್ಟೋಬರ್‌ನಲ್ಲಿ ಹೋಗಿ. ಹುವಾ ಹಿನ್‌ನಲ್ಲಿ ಜೋರು ಮಳೆ ಬರುವುದು ಆಗಲೇ. ಆಗದಿದ್ದರೆ ಏಪ್ರಿಲ್‌ನ ಸೆಕೆಯಲ್ಲಿ ಹೋಗಿ. ತುಮಕೂರಿನ ಬೇಸಿಗೆ ಒಣ ಬಿಸಿಲು, ನೆರಳಿಗೆ ಬಂದರೆ ತಡೆಯಬಹುದು. ಸಮುದ್ರದ ಸೆಕೆ ಹಾಗಲ್ಲ, ಬನಿಯನ್ ಮೈಗೆ ಅಂಟಿದ್ದು ರಾತ್ರಿಯಾದರೂ ಬಿಡುವುದಿಲ್ಲ. ಒಂದು ತಿಂಗಳು ಹೋಟೆಲ್ ಬಿಟ್ಟು ಬಾಡಿಗೆ ರೂಮಿನಲ್ಲಿ ಇದ್ದು, ತರಕಾರಿ ತಂದು, ಅಡುಗೆ ಮಾಡಿ, ಬಟ್ಟೆ ಒಗೆದು ನೋಡಿ. ಆಮೇಲೂ ಬೇಕು ಅನ್ನಿಸಿದರೆ ಮುಂದಿನ ಮಾತು.

ವಿಮಾನ ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗೆ ಹೋಗುತ್ತದೆ. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ಪಕ್ಕದ ಮನೆ ಇದ್ದ ಹಾಗೆ. ನಾವು ತುಮಕೂರಿನವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು, ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಇಳಿದ ಮೇಲೆ ಸುವರ್ಣಭೂಮಿ ವಿಮಾನ ನಿಲ್ದಾಣದಿಂದಲೇ ಹುವಾ ಹಿನ್‌ಗೆ ನೇರ ಬಸ್ಸು ಸಿಗುತ್ತದೆ.

ವೀಸಾಗೆ ಎರಡು ದಾರಿ

ಒಂದು ನಾನ್-ಇಮಿಗ್ರಂಟ್ ಓ, ಇನ್ನೊಂದು ಓ-ಎ. ಓ-ಎ ಅನ್ನು ಇಲ್ಲಿಂದಲೇ ಒಂದು ವರ್ಷಕ್ಕೆ ಪಡೆಯಬಹುದು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಸರ್ಟಿಫಿಕೇಟ್, ಜೊತೆಗೆ ಆರೋಗ್ಯ ವಿಮೆ ಕಡ್ಡಾಯ. ಓ ವೀಸಾದಲ್ಲಿ 90 ದಿನಕ್ಕೆ ಹೋಗಿ, ಅಲ್ಲಿಯ ಇಮಿಗ್ರೇಷನ್ ಕಚೇರಿಯಲ್ಲಿ ವರ್ಷಕ್ಕೊಮ್ಮೆ ವಿಸ್ತರಣೆ ಮಾಡಿಸಿಕೊಳ್ಳಬೇಕು, ಫೀಸು 1,900 ಬಾತ್. ಬಾತ್ ಅಂದರೆ ಅಲ್ಲಿನ ದುಡ್ಡು, ಬಿಸಿಬೇಳೆ ಬಾತ್ ಅಲ್ಲ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಇಟ್ಟುಕೊಳ್ಳಿ.

ವಿಸ್ತರಣೆಗೆ ಥಾಯ್ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ತಿಂಗಳಿಗೆ 65,000 ಬಾತ್ ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಮೇಷ್ಟ್ರ ಪಿಂಚಣಿಗೆ ಅದು ಎಟುಕುವ ಮಾತಲ್ಲ. ಹಾಗಾಗಿ ನಮ್ಮಂಥವರಿಗೆ ಡೆಪಾಸಿಟ್ ದಾರಿಯೇ ಗತಿ. ಅರ್ಜಿ ಹಾಕುವ ಎರಡು ತಿಂಗಳು ಮುಂಚಿನಿಂದ ಆ 8 ಲಕ್ಷ ಅಲ್ಲಿ ಅಲುಗಾಡದೆ ಇರಬೇಕು, ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಮುಟ್ಟಬಾರದು, ಆಮೇಲೆ ತೆಗೆದರೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ಇಪ್ಪತ್ತರಿಂದ ಇಪ್ಪತ್ತನಾಲ್ಕು ಲಕ್ಷ ರೂಪಾಯಿ ಸುಮ್ನೆ ಮಲಗಿರುತ್ತದೆ. ಖರ್ಚಿನ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಮನೆಯಲ್ಲಿ ಟ್ಯೂಷನ್ ಹೇಳಿಕೊಡುತ್ತೇನೆ ಅಂತ ಭಾವ ಲೆಕ್ಕ ಹಾಕಿದ್ದರು, ಅದೂ ಇಲ್ಲ.

ಹೆಸರು ಮತ್ತು ಲಗ್ನಪತ್ರಿಕೆ

ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ಸರ್ವಿಸ್ ರಿಜಿಸ್ಟರ್‌ನಲ್ಲಿ ಎರಡು ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಒಂದೇ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ. ಅಲ್ಲಿನ ಕೌಂಟರಿನ ಹುಡುಗಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಆಧಾರ್, ಪಾನ್, ಬ್ಯಾಂಕ್ ಮೂರನ್ನೂ ಮೊದಲು ಸರಿಮಾಡಿಸಿ. ಇದಕ್ಕೇ ಮೂರು ತಿಂಗಳು ಇಟ್ಟುಕೊಳ್ಳಿ.

ಗಂಡನಿಗೆ ವೀಸಾ ವಿಸ್ತರಣೆ ಸಿಕ್ಕರೆ ಹೆಂಡತಿ ಅವಲಂಬಿತಳಾಗಿ ಇರಬಹುದು, ಅವಳ ಹೆಸರಲ್ಲಿ ಇನ್ನೊಂದು 8 ಲಕ್ಷ ಬೇಡ. ಆದರೆ ಮದುವೆ ಸರ್ಟಿಫಿಕೇಟ್ ಬೇಕು. ಛತ್ರದಲ್ಲಿ ಮದುವೆಯಾಗಿ ನಲವತ್ತು ವರ್ಷ ಸಂಸಾರ ಮಾಡಿದವರ ಹತ್ತಿರ ಅದೆಲ್ಲಿಂದ ಬರಬೇಕು? ಅಕ್ಕ ಅಟ್ಟದ ಟ್ರಂಕ್ ಇಳಿಸಿ, ಪಂಚೆ, ಹಳೇ ರೇಷ್ಮೆ ಸೀರೆಯ ಅಡಿಯಿಂದ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತೆಗೆದಳು. ಅರಿಶಿನ ಮಾಸಿರಲಿಲ್ಲ, ಅಕ್ಷರ ಮಾಸಿತ್ತು. ಅದು, ಎರಡು ಫೋಟೋ, ಸಾಕ್ಷಿಗಳು, ಇಷ್ಟು ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. "ಈ ವಯಸ್ಸಲ್ಲಿ ಏನ್ ಸಾರ್ ಮದುವೆ" ಅಂತ ಅಲ್ಲೊಬ್ಬರು ತಮಾಷೆ ಮಾಡಿದರು. ಭಾವ ನಗಲಿಲ್ಲ, ಅಕ್ಕ ನಕ್ಕಳು. ಸರ್ಟಿಫಿಕೇಟ್ ಬಂದ ಮೇಲೆ ವಿದೇಶಾಂಗ ಸಚಿವಾಲಯದ ದೃಢೀಕರಣವನ್ನೂ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ.

ದುಡ್ಡು ಕಳಿಸುವ ಲೆಕ್ಕ

ಭಾರತದಲ್ಲಿ ವಾಸ ಇರುವವರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಅದು ನಮಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಕಾಡುವುದು ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ವಸೂಲಿ ಮಾಡುವ ತೆರಿಗೆ. ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಹಿಡಿದುಕೊಳ್ಳುತ್ತದೆ. ಒಂದೇ ಸಲ 22 ಲಕ್ಷ ಕಳಿಸಿದರೆ 12 ಲಕ್ಷದ ಮೇಲೆ 2.4 ಲಕ್ಷ ಹೋಯಿತು. ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ, ನಿಜ. ಆದರೆ ಕೈಲಿ ದುಡ್ಡು ಬೇಕಾದ ಹೊತ್ತಲ್ಲಿ ಅದು ಇರುವುದಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ 10 ಲಕ್ಷ, ಏಪ್ರಿಲ್‌ನಲ್ಲಿ 10 ಲಕ್ಷ ಕಳಿಸಿ. ಹಣಕಾಸು ವರ್ಷ ಎರಡಾಯಿತು, ಟಿಸಿಎಸ್ ಇಲ್ಲ. ಬಾಕಿ ಉಳಿದ ಚೂರಿಗೆ ಕಟ್ಟಿದರೆ ಕಟ್ಟಿದಿರಿ.

ಅಲ್ಲೇ ನೆಲೆಸುತ್ತೀರಿ ಅಂದಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆ, ಅಂದರೆ ಹೊರದೇಶದಲ್ಲಿ ನೆಲೆಸಿದವರ ಖಾತೆ ಮಾಡಿಸಬೇಕು. ಇದನ್ನು ಬಹಳ ಜನ ಬಚ್ಚಿಟ್ಟು ಹಾಗೇ ನಡೆಸುತ್ತಾರೆ, ಅದು ತಪ್ಪು. ಎನ್‌ಆರ್‌ಐ ಆದ ಮೇಲೆ ನಷ್ಟವೂ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎನ್‌ಆರ್‌ಒ ಠೇವಣಿಯ ಬಡ್ಡಿಗೆ ಟಿಡಿಎಸ್ 30% ಮತ್ತು ಮೇಲಿನ ಸೆಸ್. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುತ್ತಾರಲ್ಲ, ಆ ರಿಬೇಟು ಎನ್‌ಆರ್‌ಐಗಳಿಗೆ ಸಿಗುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವ ಹಾಗಿಲ್ಲ. ಆ ಕಡೆ ಥಾಯ್ಲೆಂಡಿನಲ್ಲಿ ವರ್ಷಕ್ಕೆ 180 ದಿನ ಇದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ, 2024ರಿಂದ ಹೊರಗಿನ ಆದಾಯವನ್ನು ಅಲ್ಲಿಗೆ ತಂದರೆ ಅದೂ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಎರಡು ದೇಶದ ನಡುವೆ ತೆರಿಗೆ ಒಪ್ಪಂದ ಇದೆ. ಸರ್ಕಾರಿ ಪಿಂಚಣಿಯ ಲೆಕ್ಕ ಬೇರೆ, ಬಾಡಿಗೆ ಬಡ್ಡಿಯ ಲೆಕ್ಕ ಬೇರೆ. ಒಬ್ಬ ಒಳ್ಳೇ ಆಡಿಟರ್‌ಗೆ ಒಂದು ದಿನದ ಫೀಸು ಕೊಟ್ಟು ಕೂತು ಕೇಳಿ. ಅಲ್ಲಿ ಚೌಕಾಸಿ ಬೇಡ.

ಮನೆ, ತೋಟ

ಮಾರಬೇಡಿ. ಇದೊಂದು ಮಾತು ಕೇಳಿ. ಥಾಯ್ಲೆಂಡಿನಲ್ಲಿ ವಿದೇಶಿಯರು ಜಮೀನು ಕೊಳ್ಳುವ ಹಾಗಿಲ್ಲ. ಕಾಂಡೋ ಅಂದರೆ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಕೊಳ್ಳಬಹುದು, ಅದೂ ಇಡೀ ಕಟ್ಟಡದ ಶೇಕಡ 49ರಷ್ಟು ಜಾಗ ಮಾತ್ರ ವಿದೇಶಿಯರಿಗೆ. ವೀಸಾ ವರ್ಷ ವರ್ಷ ಹೊಸದಾಗಬೇಕು, ಪೌರತ್ವ ಬರುವುದಿಲ್ಲ. ಇಲ್ಲಿ ಸೂರು ಕಳೆದುಕೊಂಡು ಅಲ್ಲಿ ಬಾಡಿಗೆದಾರನಾದರೆ, ನಾಳೆ ಮಂಡಿ ಹಿಡಿದಾಗ ಎಲ್ಲಿಗೆ ಬರುತ್ತೀರಿ?

ತಿಪಟೂರು ಕಡೆ ತೆಂಗಿನ ತೋಟ, ಕೋಲಾರದಲ್ಲಿ ಮಾವಿನ ತೋಪು ಇದ್ದವರು ಹೆದರಬೇಕಿಲ್ಲ. ಎನ್‌ಆರ್‌ಐ ಆದರೂ ಮೊದಲಿನಿಂದ ಇದ್ದ ಜಮೀನು ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಮಾರಿದರೂ ಇಲ್ಲಿ ವಾಸ ಇರುವ ಭಾರತೀಯರಿಗೇ ಮಾರಬೇಕು. ಪವರ್ ಆಫ್ ಅಟಾರ್ನಿಯನ್ನು ಹೊರಡುವ ಮುಂಚೆ ಇಲ್ಲೇ ರಿಜಿಸ್ಟರ್ ಮಾಡಿಸಿ. ಅಲ್ಲಿ ಹೋದ ಮೇಲೆ ಬೇಕಾದರೆ ಬ್ಯಾಂಕಾಕ್‌ನ ನಮ್ಮ ರಾಯಭಾರ ಕಚೇರಿಗೆ ಓಡಬೇಕು, ಆ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಯಾರಿಗೆ ಬರೆದುಕೊಡುತ್ತೀರಿ, ಮಾರುವ ಅಧಿಕಾರ ಇದೆಯಾ ಇಲ್ಲವಾ, ಎರಡು ಸಲ ಓದಿ ಸಹಿ ಹಾಕಿ. ತಮ್ಮನೇ ಆದರೂ ಓದಿ. (ನಾನು ಆ ತಮ್ಮನ ಜಾಗದಲ್ಲಿ ಇದ್ದವನು, ಓದಿಸಿಯೇ ಸಹಿ ಹಾಕಿಸಿದೆ.)

ಅಲ್ಲಿ ಬಾಡಿಗೆ ಮನೆ

ಒಂದು ಬೆಡ್‌ರೂಮಿನ ಫ್ಲ್ಯಾಟು ವರ್ಷದ ಒಪ್ಪಂದಕ್ಕೆ ತಿಂಗಳಿಗೆ ಹತ್ತರಿಂದ ಹದಿನೈದು ಸಾವಿರ ಬಾತ್‌ಗೆ ಸಿಗುತ್ತದೆ. ಸಮುದ್ರ ಕಾಣುವ ಕಿಟಕಿಗೆ ಬೇರೆ ರೇಟು. ಅಡ್ವಾನ್ಸ್ ಎರಡು ತಿಂಗಳದ್ದು, ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ. ಮನೆ ನೋಡಲು ಹೋದಾಗ ಕೇಳಲೇಬೇಕಾದ ಪ್ರಶ್ನೆ, ಕರೆಂಟು ಬಿಲ್ಲು ಸರ್ಕಾರಿ ದರವೋ ಓನರ್ ದರವೋ? ಓನರ್ ದರ ಹೆಚ್ಚು ಕಮ್ಮಿ ಎರಡರಷ್ಟು ಇರಬಹುದು, ಎಸಿ ಇಲ್ಲದೆ ನಿದ್ದೆ ಬರುವ ಊರಲ್ಲ. ಇನ್ನೊಂದು, ನೀವು ಬಂದ 24 ಗಂಟೆಯೊಳಗೆ ಓನರ್ ಇಮಿಗ್ರೇಷನ್‌ಗೆ ಟಿಎಂ30, ಅಂದರೆ ತನ್ನ ಮನೆಯಲ್ಲಿ ವಿದೇಶಿಯರು ಇದ್ದಾರೆ ಅನ್ನುವ ಮಾಹಿತಿ ಕೊಡಬೇಕು. ಕೊಡಲ್ಲ ಅನ್ನುವ ಓನರ್‌ನ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ, ಮುಂದೆ ವೀಸಾ ವಿಸ್ತರಣೆಗೆ ಅದೇ ಕಾಗದ ಕೇಳುತ್ತಾರೆ.

ಆರೋಗ್ಯ

ಖಾಸಗಿ ಆಸ್ಪತ್ರೆ ಚೆನ್ನಾಗಿವೆ, ಬಿಲ್ಲೂ ಹಾಗೇ. ಶುಗರ್, ಬಿಪಿ ಇದ್ದರೆ ಅಲ್ಲಿನ ವಿಮೆ ದುಬಾರಿ, 70 ದಾಟಿದ ಮೇಲೆ ಹೊಸದು ಸಿಗುವುದೇ ಕಷ್ಟ. ಇಲ್ಲಿನ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ, ಆದರೂ ಅದನ್ನು ನಿಲ್ಲಿಸಬೇಡಿ. ದೊಡ್ಡ ಆಪರೇಷನ್ ಇದ್ದರೆ ವಿಮಾನ ಹತ್ತಿ ಬಂದು ಮಾಡಿಸಿಕೊಳ್ಳುವುದಕ್ಕೆ ಅದೇ ಆಸರೆ. ಮಾತ್ರೆ ಒಯ್ಯುವಾಗ ಡಾಕ್ಟರ್ ಚೀಟಿ ಜೊತೆಗಿರಲಿ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್‌ಗೆ ಅಲ್ಲಿ ಕಟ್ಟುನಿಟ್ಟು ಇದೆ.

ಹೋದ ಮೇಲೆ ಮರೆಯಬಾರದ ಎರಡು ವಿಷಯ

90 ದಿನಕ್ಕೊಮ್ಮೆ ನಿಮ್ಮ ವಿಳಾಸ ವರದಿ ಮಾಡಬೇಕು. ಮರೆತು ತಡವಾಗಿ ಹೋದರೆ 2,000 ಬಾತ್ ದಂಡ. ಇದು ಸಣ್ಣದು. ದೊಡ್ಡದು ರೀ-ಎಂಟ್ರಿ ಪರ್ಮಿಟ್, ಅಂದರೆ ದೇಶ ಬಿಟ್ಟು ಹೋಗಿ ಮತ್ತೆ ಬರಲು ಮೊದಲೇ ಪಡೆಯುವ ಅನುಮತಿ. ಭಾವ ಮೊದಲ ವರ್ಷವೇ ನಮ್ಮ ಮನೆ ಮದುವೆಗೆ ಅಂತ ತುಮಕೂರಿಗೆ ಬಂದರು. ವಿಸ್ತರಣೆಯ ಮುದ್ರೆ ಪಾಸ್‌ಪೋರ್ಟಿನಲ್ಲಿ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇದ್ದರು. ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಆ ವಿಸ್ತರಣೆ ಆ ಕ್ಷಣವೇ ಸತ್ತಂತೆ. ಊಟದ ಎಲೆ ಮುಂದೆ ಕೂತಾಗ ಅಲ್ಲಿನ ಪಕ್ಕದ ಮನೆಯವರು ಫೋನ್ ಮಾಡಿ "ಪರ್ಮಿಟ್ ತಗೊಂಡಿದ್ದೀರಾ" ಅಂತ ಕೇಳಿದರು. ಭಾವ ಹೋಳಿಗೆ ಬಿಟ್ಟು ಎದ್ದರು. ವೀಸಾ ಕೆಲಸ ಎಲ್ಲ ಮತ್ತೆ ಮೊದಲಿನಿಂದ. ಆ ಪರ್ಮಿಟ್‌ಗೆ ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರಲು 3,800. ಮಕ್ಕಳು ಮೊಮ್ಮಕ್ಕಳು ಇರುವವರು 3,800ರದ್ದೇ ತೆಗೆದುಕೊಳ್ಳಿ.

ಅಲ್ಲಿನ ಕಾಗದದ ಮೇಲಿನ ಇಸವಿ ನೋಡಿ ಗಾಬರಿಯಾಗಬೇಡಿ, ಅವರದು ಬುದ್ಧ ವರ್ಷ, ನಮ್ಮ ಲೆಕ್ಕಕ್ಕೆ 543 ಕೂಡಿಸಬೇಕು. 2025 ಅವರಿಗೆ 2568. ರಾಜಮನೆತನದ ಬಗ್ಗೆ ತಮಾಷೆಗೂ ಮಾತು ಬೇಡ, ಕಾನೂನು ಬಿಗಿ. ಭಾಷೆ ಕಷ್ಟ, ಆದರೆ ಕಿವಿಗೊಟ್ಟರೆ ಒಳಗೆ ನಮ್ಮ ಮಾತೇ ಇಣುಕುತ್ತದೆ. ಭಾಷೆಗೆ ಫಾಸಾ, ಗುರುಗಳಿಗೆ ಖ್ರೂ ಅನ್ನುತ್ತಾರೆ. ಭಾವನನ್ನು ಈಗ ಇಡೀ ಬೀದಿ ಖ್ರೂ ಅಂತಲೇ ಕರೆಯುತ್ತದೆ.

ಸಸ್ಯಾಹಾರಿಗಳು ಕಲಿಯಬೇಕಾದ ಮೊದಲ ಪದ ಜೇ. ಹಳದಿ ಬಾವುಟದ ಮೇಲೆ ಕೆಂಪಲ್ಲಿ ಆ ಅಕ್ಷರ ಇದ್ದರೆ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ ತರಕಾರಿ ಪಲ್ಯ ಅಂತ ಕೊಟ್ಟರೂ ಮೀನಿನ ಸಾಸ್ ಬಿದ್ದಿರುತ್ತದೆ. ತೆಂಗಿನಕಾಯಿ, ಹಲಸು, ನುಗ್ಗೆ ಎಲ್ಲ ಸಿಗುತ್ತವೆ. ಸಿಗದೆ ಇರುವುದು ರಾಗಿ. ಅಕ್ಕ ಪ್ರತಿ ಸಲ ಬಂದು ಹೋಗುವಾಗ ಹತ್ತು ಕೆ.ಜಿ. ಹಿಟ್ಟು ಮಿಲ್ಲಿನಲ್ಲಿ ಬೀಸಿಸಿ, ಎರಡು ಕವರ್ ಹಾಕಿ, ಸೂಟ್‌ಕೇಸಿನ ತಳದಲ್ಲಿ ಸೀರೆ ಹಾಸಿ ಇಡುತ್ತಾಳೆ. ನವೆಂಬರ್ ಬಂತು ಅಂದರೆ ಭಾವ ಅಲ್ಲಿಂದಲೇ ಮೊಬೈಲಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್, ಅಂದರೆ ಪಿಂಚಣಿಗೆ ಬದುಕಿದ್ದೇನೆ ಅನ್ನುವ ಪ್ರಮಾಣಪತ್ರ ಕೊಡುತ್ತಾರೆ. ಆ್ಯಪು ಕಣ್ಣು ಮಿಟುಕಿಸಿ ಅನ್ನುತ್ತದೆ. ಸಮುದ್ರದ ಬೆಳಕಿಗೆ ಎದುರಾಗಿ ನಿಂತರೆ ಫೋಟೋ ಸರಿಯಾಗಿ ಬರುವುದಿಲ್ಲವಂತೆ, ಮನೆಯೊಳಗೆ ಗೋಡೆಗೆ ಬೆನ್ನು ಮಾಡಿ ನಿಲ್ಲಿ.