ಸೀಲ್ ಬದಲಿಸಿದರೂ ನಿಲ್ಲದ ಸೋರಿಕೆ: ಹಳೆ ಟಾಟಾ 407 ಲಾರಿಯ ಪವರ್ ಸ್ಟೇರಿಂಗ್ ಬಾಕ್ಸ್

ಡ್ರಾಪ್ ಆರ್ಮ್ (ಬಾಕ್ಸಿನಿಂದ ಚಕ್ರಗಳನ್ನು ತಿರುಗಿಸುವ ತೋಳು) ಬುಡದಿಂದ ಆಯಿಲ್ ಸೋರುವ ಬಾಕ್ಸ್ ತೋರಿಸಿದರೆ ಪುಣೆಯಲ್ಲಿ ಭೋಸರಿಯಿಂದ ನಾನಾ ಪೇಠ್‌ವರೆಗೆ ಎಲ್ಲರದೂ ಒಂದೇ ಮಾತು: ‘ಬದಲೂನ್ ಟಾಕಾ’, ಅಂದರೆ ಬದಲಿಸಿಬಿಡಿ. ಹೊಸದಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಮುಂಬೈ ಕುರ್ಲಾದ ಗುಜರಿಯಲ್ಲಿ ಏಳೆಂಟು ಸಾವಿರಕ್ಕೆ ಸಿಗುತ್ತದೆ, ಆದರೆ ಅದಕ್ಕೂ ಬಹುಪಾಲು ಇದೇ ರೋಗ. ನಾನು ಬಾಕ್ಸಿನ ಶಾಫ್ಟಿಗೆ ಕ್ರೋಮ್ ಏರಿಸಿ ಸರಿಮಾಡಿಸಿದೆ, ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಎರಡು ಮಳೆಗಾಲ ಕಳೆದರೂ ಹನಿ ಬಿದ್ದಿಲ್ಲ. ‘ಕ್ರೋಮ್ ಮಾಡಿಸಿದರೆ ಶಾಫ್ಟ್ ಮುರೀತದ’ ಅಂದವರೇ ಈಗ ತಮ್ಮ ಶಾಫ್ಟ್ ಹಿಡ್ಕೊಂಡು ಬರ್ತಾರೆ.

ಬರೀ ಸೀಲ್ ಕಿಟ್ ಹಾಕಿದರೆ ತಿಂಗಳೊಪ್ಪತ್ತು ಒಣಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ತಪ್ಪು ಸೀಲಿನದಲ್ಲ. ಹೊರಗಿನ ಧೂಳು ತಡೆಯುವ ಡಸ್ಟ್ ಸೀಲ್ ಹರಿದ ಮೇಲೆ ಘಾಟಿನ ಕೆಸರು ಒಳಸೇರಿ, ಸೀಲಿನ ತುಟಿ ಕೂರುವ ಜಾಗದಲ್ಲೇ ಸೆಕ್ಟರ್ ಶಾಫ್ಟ್ (ಡ್ರಾಪ್ ಆರ್ಮ್ ತಿರುಗಿಸುವ ಹಲ್ಲಿನ ಶಾಫ್ಟ್) ಸವೆದಿರುತ್ತದೆ. ಉಗುರು ಆಡಿಸಿ ನೋಡಿ, ಗೀರು ಸಿಗುತ್ತದೆ; ಪಕ್ಕದಲ್ಲೇ ತುಕ್ಕಿನ ಚುಕ್ಕೆಗಳೂ ಇರುತ್ತವೆ. ಒಂದೇ ಕಡೆ ತಿರುಗಿಸಿದಾಗ ಸೋರಿಕೆ ಹೆಚ್ಚಾದರೆ ಗುಮಾನಿ ಬೇಡ: ಆ ಕಡೆ ತಿರುಗಿಸುವಾಗಲೇ ಸೆಕ್ಟರ್ ಇರುವ ಕೋಣೆಗೆ ಪೂರ್ತಿ ಒತ್ತಡ ಬರುವುದು.

ಅಗ್ಗದ ದಾರಿಗಳನ್ನೂ ನೋಡಿಯಾಯಿತು. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧ ರಬ್ಬರನ್ನು ಉಬ್ಬಿಸುತ್ತದೆ ಅಷ್ಟೇ. ಮಾಮೂಲಿ ಆಯಿಲ್ ಸೀಲ್ ಎರಡು ಕೂರಿಸಿದರೆ, ಅದು ತಡೆಯುವುದೇ ಅರ್ಧ ಬಾರ್, ಲಾಕ್‌ನಲ್ಲಿ, ಅಂದರೆ ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿದಾಗ, ಒತ್ತಡ ನೂರು ಬಾರ್ ಹತ್ತಿರ, ತುಟಿ ಮಗುಚಿಕೊಳ್ಳುತ್ತದೆ. ತೆಳು ಸ್ಟೀಲ್ ಸ್ಲೀವ್ ನೋಡಲು ಚಂದ, ಆದರೆ ಆಯಿಲ್ ಸ್ಲೀವಿನ ಅಡಿಯಿಂದಲೇ ನುಸುಳಿತು.

ಬಿಚ್ಚುವಾಗ ಡ್ರಾಪ್ ಆರ್ಮಿಗೂ ಶಾಫ್ಟಿಗೂ ಗುರುತು ಹಾಕಿ ಪುಲ್ಲರ್‌ನಿಂದಲೇ ಎಳೆಯಿರಿ. ಸುತ್ತಿಗೆ ಏಟು ಒಳಗಿನ ಬಾಲ್‌ಗಳಿಗೆ ತಾಗುತ್ತದೆ. ಲಾಕ್‌ನಿಂದ ಲಾಕ್‌ಗೆ ಸುತ್ತು ಎಣಿಸಿ, ಅರ್ಧಕ್ಕೆ ನಿಲ್ಲಿಸಿ. ನಡುವಿಗೆ ಬರದೆ ಸೆಕ್ಟರ್ ಹಲ್ಲು ಹೊರಬರುವುದಿಲ್ಲ. ಸೈಡ್ ಕವರಿನ ಬೋಲ್ಟ್ ತೆಗೆದು, ಹಲ್ಲುಗಳ ಸಡಿಲ ಹೊಂದಿಸುವ ಅಡ್ಜಸ್ಟರ್ ಸ್ಕ್ರೂವನ್ನು ಒಳಗೆ ತಿರುಗಿಸುತ್ತ ಹೋದರೆ ಕವರ್ ತಾನಾಗಿ ಮೇಲೇಳುತ್ತದೆ. ಪಿಸ್ಟನ್ನನ್ನು ವರ್ಮ್‌ನಿಂದ (ಅದರೊಳಗಿನ ತಿರುಪಿನ ಶಾಫ್ಟಿನಿಂದ) ಬೇರ್ಪಡಿಸಬೇಡಿ, ಬಾಲ್‌ಗಳು ಉದುರುತ್ತವೆ.

ಮೊದಲು ಶಾಫ್ಟಿಗೆ ಕ್ರ್ಯಾಕ್ ಟೆಸ್ಟ್. ಸ್ಪ್ಲೈನ್ (ಡ್ರಾಪ್ ಆರ್ಮ್ ಕೂರುವ ಗಾಡಿಗಾಡಿಯ ತುದಿ) ಬುಡದಲ್ಲಿ ಕೂದಲೆಳೆ ಬಿರುಕು ಕಂಡರೂ ಶಾಫ್ಟ್ ಗುಜರಿಗೆ, ವೆಲ್ಡಿಂಗ್ ಮಾತೇ ಬೇಡ. ಸರಿಯಿದ್ದರೆ ಸೀಲಿನ ಜಾಗವನ್ನಷ್ಟೇ ವ್ಯಾಸದಲ್ಲಿ ಕಾಲು ಮಿಲಿಮೀಟರ್‌ನಷ್ಟು ಗ್ರೈಂಡ್ ಮಾಡಿಸಿ, ಹಾರ್ಡ್ ಕ್ರೋಮ್ ಏರಿಸಿ, ಮತ್ತೆ ಮೂಲ ಅಳತೆಗೆ ಗ್ರೈಂಡ್. ಸ್ಪ್ಲೈನ್, ಬೇರಿಂಗ್ ಜಾಗ ಮುಚ್ಚಿರಬೇಕು. ಕ್ರೋಮ್ ಆದ ಕೂಡಲೇ 190–200 ಡಿಗ್ರಿಯಲ್ಲಿ ಕೆಲವು ಗಂಟೆ ಓವನ್‌ನಲ್ಲಿಡಬೇಕು. ಪ್ಲೇಟಿಂಗ್‌ನಲ್ಲಿ ಉಕ್ಕಿನೊಳಗೆ ಹೊಕ್ಕ ಹೈಡ್ರೋಜನ್ ಹೊರಬರದಿದ್ದರೆ ಶಾಫ್ಟ್ ಪೆಡಸಾಗಿ ನಿಜವಾಗಿಯೂ ಮುರಿಯುತ್ತದೆ. ‘ಮುರೀತದ’ ಅಂದವರು ಕಂಡದ್ದು ಓವನ್ ಕಾಣದ ಶಾಫ್ಟನ್ನೇ ಇರಬೇಕು. ನೂರಿನ್ನೂರು ಉಳಿಸಲು ಇದನ್ನು ಬಿಡುವ ಅಂಗಡಿಗೆ ಹೋಗಬೇಡಿ. ಕೊನೆಗೆ ಎಮ್ರಿ ಪೇಪರನ್ನು ಶಾಫ್ಟಿನ ಉದ್ದಕ್ಕೆ ಎಳೆಯಬಾರದು. ಆ ಗೆರೆಗಳೇ ಆಯಿಲಿಗೆ ಕಾಲುವೆ.

ನೀಡಲ್ ಬೇರಿಂಗ್ ಸವೆದು ಶಾಫ್ಟ್ ಅಲುಗುತ್ತಿದ್ದರೆ ಕ್ರೋಮ್ ಮಾಡಿಸಿಯೂ ದಂಡ, ಅದನ್ನೂ ಬದಲಿಸಿ. ಹೆಚ್ಚು ಒತ್ತಡ ತಡೆಯುವ ಸೀಲನ್ನೇ ಬ್ಯಾಕಪ್ ವಾಷರ್ ಜೊತೆ ಕೂರಿಸಿ. ಸ್ಪ್ಲೈನ್ ತುಟಿಯನ್ನು ಕೊಯ್ಯದಂತೆ ಕೋಲ್ಡ್ ಡ್ರಿಂಕ್ ಬಾಟಲಿಯ ತೆಳು ಪ್ಲಾಸ್ಟಿಕ್ ಸುತ್ತಿ. ಸೀಲ್ ಎಷ್ಟು ಆಳಕ್ಕೆ ಹೋಗಬೇಕು, ಅದಕ್ಕೆ ನಾನು ಮಾಡಿಸಿದ ಬುಷ್‌ನ ಅಳತೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಖರ್ಚು ನೆನಪಿದ್ದಷ್ಟು: ಟೆಸ್ಟ್, ಗ್ರೈಂಡಿಂಗ್, ಕ್ರೋಮ್ 1,800, ಕಿಟ್ ಸಾವಿರದ ಹತ್ತಿರ, ಬೇರಿಂಗ್ 400, ಎರಡು ಲೀಟರ್ ಎಟಿಎಫ್ (ಸ್ಟೇರಿಂಗ್ ಆಯಿಲ್) 700.

ಬಾಕ್ಸಿನ ಮೇಲ್ತುದಿಯಲ್ಲಿ ಸ್ಟೇರಿಂಗ್ ಕಡೆಯ ಇನ್‌ಪುಟ್ ಶಾಫ್ಟ್ ಸೀಲ್ ಪದೇಪದೇ ಹೋಗುತ್ತಿದ್ದರೆ ಬಾಕ್ಸ್ ಬಿಚ್ಚುವ ಮುಂಚೆ ಆಯಿಲ್ ಡಬ್ಬಿಯ ಫಿಲ್ಟರ್, ರಿಟರ್ನ್ ಪೈಪ್ ನೋಡಿ. ಅಲ್ಲಿ ಕಟ್ಟಿಕೊಂಡರೆ ಹಿಂದೊತ್ತಡ ಸೀಲನ್ನು ಹೊರದಬ್ಬುತ್ತದೆ.

ಜೋಡಿಸುವಾಗ ಸೆಕ್ಟರಿನ ನಡು ಹಲ್ಲು ಪಿಸ್ಟನ್ನಿನ ನಡು ಹಲ್ಲುಸಂದಿಗೇ ಬೀಳಬೇಕು. ಗಾಡಿಗೆ ಏರಿಸಿದ ಮೇಲೆ ಮುಂದಿನ ಚಕ್ರ ಜ್ಯಾಕ್ ಮೇಲಿಟ್ಟು, ಎಂಜಿನ್ ಬಂದ್ ಇರುವಾಗಲೇ ಹದಿನೈದಿಪ್ಪತ್ತು ಸಲ ನಿಧಾನ ಲಾಕ್‌ನಿಂದ ಲಾಕ್‌ಗೆ ತಿರುಗಿಸಿ, ಆಯಿಲ್ ತುಂಬುತ್ತಿರಿ. ಸ್ಟಾರ್ಟ್ ಮಾಡಿದಾಗ ಆಯಿಲ್ ಹಾಲಿನಂತೆ ನೊರೆಯಾದರೆ ಇನ್ನೂ ಗಾಳಿಯಿದೆ. ಲಾಕ್‌ನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಅಡ್ಜಸ್ಟರ್ ಬಿಗಿಯುವುದು ಚಕ್ರ ನೇರ ಇರುವಾಗ ಮಾತ್ರ. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಬಿಗಿ ಹೆಚ್ಚಾಗಿದೆ, ಲಾಕ್ ನಟ್ ಸಡಿಲಿಸಿ ಚೂರು ಹಿಂದಕ್ಕೆ ಬಿಡಿ.