ಕಾಗುಣಿತದ ಹೋಂವರ್ಕ್: ಆಯ್ಕೆ ಮಕ್ಕಳ ಕೈಗೆ ಕೊಡುವುದು ಹೇಗೆ?

'ಹತ್ತು ಪದ, ಒಂದೊಂದನ್ನು ಐದೈದು ಸಲ ಬರೆದುಕೊಂಡು ಬನ್ನಿ.' ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಮಕ್ಕಳಿಗೆ ಕಾಗುಣಿತದ ಹೋಂವರ್ಕ್ ಎಂದರೆ ಹೆಚ್ಚಾಗಿ ಇದೇ. ಮಕ್ಕಳು ಬರೆದುಕೊಂಡೂ ಬರುತ್ತಾರೆ. ಆದರೆ ಹೇಗೆ ಬರೆಯುತ್ತಾರೆ ಅಂತ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಮೊದಲು ಐದು ಸಾಲಿನಲ್ಲೂ 'ವಿ' ಬರೆದು ಮುಗಿಸುತ್ತಾರೆ. ಆಮೇಲೆ ಮೇಲಿನಿಂದ ಕೆಳಗೆ 'ದ್ಯಾ'. ಕೊನೆಗೆ ಅದೇ ರೀತಿ 'ರ್ಥಿ'. ಪುಟ ತುಂಬುತ್ತದೆ. 'ವಿದ್ಯಾರ್ಥಿ' ಎಂಬ ಪದ ಮಾತ್ರ ಒಂದು ಸಲವೂ ಇಡಿಯಾಗಿ ತಲೆಗೆ ಹೋಗಿರುವುದಿಲ್ಲ. ಮೊದಲ ಸಾಲು ತಪ್ಪಿದ್ದರೆ ಉಳಿದ ನಾಲ್ಕೂ ತಪ್ಪು.

ಇದಕ್ಕೊಂದು ಸುಲಭದ ದಾರಿ ಇದೆ. ಪದಗಳನ್ನು ಟೀಚರ್ ಕೊಡಲಿ, ಅವುಗಳನ್ನು ಹೇಗೆ ಕಲಿಯಬೇಕು ಎನ್ನುವುದನ್ನು ಮಗು ಆರಿಸಿಕೊಳ್ಳಲಿ. ಎರಡರಿಂದ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ತಾನೇ ಆರಿಸಿದ ಕೆಲಸಕ್ಕೆ ಮಗು ಬೇಗ ಕೂರುತ್ತದೆ, ಮನೆಯಲ್ಲಿ ಜಗಳವೂ ಕಡಿಮೆ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ತರಗತಿಗಳಿಗಂತೂ ಇದು ಬೇಕೇ ಬೇಕು. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ಮನೆಮಾತು ನಾಲ್ಕು ಬಗೆ ಇರುವ ಊರು ನಮ್ಮದು. ಎಲ್ಲರಿಗೂ ಒಂದೇ ಅಳತೆಯ ಹೋಂವರ್ಕ್ ಕೊಟ್ಟರೆ ಹೇಗಾದೀತು?

ಮೊದಲು ಪದ ಆರಿಸಿ

ಈ ಕೆಲಸ ಟೀಚರದ್ದೇ. ಎರಡನೇ ಕ್ಲಾಸಿಗೆ ವಾರಕ್ಕೆ ಆರು ಪದ, ನಾಲ್ಕನೇ ಕ್ಲಾಸಿಗೆ ಹತ್ತು ಸಾಕು. ಪಾಠದಲ್ಲಿ ಬಂದ ಕಷ್ಟದ ಪದಗಳನ್ನೆಲ್ಲ ಒಟ್ಟು ಮಾಡಿ ಕೊಡಬೇಡಿ. ಒಂದು ವಾರಕ್ಕೆ ಒಂದೇ ತೊಡಕು ಇಟ್ಟುಕೊಳ್ಳಿ. ಈ ವಾರ ಮಹಾಪ್ರಾಣ, ಮುಂದಿನ ವಾರ ದೀರ್ಘ, ಅದರಾಚೆಗೆ ಒತ್ತಕ್ಷರ.

ಯಾವ ತೊಡಕು ಯಾರಿಗೆ ಎನ್ನುವುದು ಮನೆಮಾತಿನ ಮೇಲೆ ಹೋಗುತ್ತದೆ. ತುಳುವಿನ ದಿನನಿತ್ಯದ ಮಾತಿನಲ್ಲಿ ಮಹಾಪ್ರಾಣ ಬಹಳ ಕಡಿಮೆ. ಹಾಗಾಗಿ ತುಳು ಮನೆಯ ಮಗು 'ಭತ್ತ'ವನ್ನು 'ಬತ್ತ' ಎಂದೂ 'ಧೈರ್ಯ'ವನ್ನು 'ದೈರ್ಯ' ಎಂದೂ ಬರೆದರೆ ಅದು ಅಜಾಗ್ರತೆ ಅಲ್ಲ, ಕಿವಿಗೆ ಬಿದ್ದದ್ದನ್ನೇ ಬರೆದಿದೆ. ಬ್ಯಾರಿ ಮಾತಿನಲ್ಲಿ ಣ–ನ, ಳ–ಲ ಒಂದಾಗಿಬಿಡುತ್ತವೆ. ಆ ಮನೆಯ ಮಗುವಿಗೆ 'ಹಣ್ಣು', 'ಬಾಳೆ' ಕಷ್ಟ. ಮಲಯಾಳಂ ಮನೆಯ ಮಗುವಿಗೆ ಣ, ಳ ಸಲೀಸು. ಆದರೆ ಮಲಯಾಳಂನಲ್ಲಿ ಪದದ ನಡುವೆ ಬರುವ ಕ, ಟ, ತ ಮೆತ್ತಗಾಗಿ ಗ, ಡ, ದ ಇದ್ದ ಹಾಗೆ ಕೇಳಿಸುತ್ತವೆ. ಅದೇ ರೂಢಿಯಲ್ಲಿ ಕನ್ನಡ ಬರೆಯುವಾಗ ಕ–ಗ, ತ–ದ ಅದಲುಬದಲಾಗಬಹುದು. ಇಷ್ಟು ಗೊತ್ತಿದ್ದರೆ, ಎಲ್ಲರಿಗೂ ಕೊಡುವ ಪದಗಳ ಜೊತೆಗೆ ಪ್ರತಿ ಮಗುವಿಗೂ ಅದರದ್ದೇ ಎರಡು ಪದ ಸೇರಿಸಬಹುದು.

ಪದಗಳಿಗೆ ದೂರ ಹುಡುಕುವುದೂ ಬೇಡ, ನಮ್ಮ ಊರುಗಳ ಹೆಸರಲ್ಲೇ ಎಲ್ಲ ಇದೆ. ದೀರ್ಘ ಮತ್ತು ಮಹಾಪ್ರಾಣಕ್ಕೆ ಮಧೂರು. ಸಜಾತಿ ಒತ್ತಿಗೆ (ಅಕ್ಷರಕ್ಕೆ ಅದರದ್ದೇ ಒತ್ತು) ಉಪ್ಪಳ, ಮುಳ್ಳೇರಿಯ. ವಿಜಾತಿ ಒತ್ತಿಗೆ (ಬೇರೆ ಅಕ್ಷರದ ಒತ್ತು) ಬದಿಯಡ್ಕ, ಎಣ್ಮಕಜೆ, ಮಂಜೇಶ್ವರ. ಅರ್ಕಾವತ್ತಿಗೆ (ಅಕ್ಷರದ ಬಲಕ್ಕೆ ಬರೆಯುವ ರ್ ಗುರುತು) ಪೆರ್ಲ, ನೀರ್ಚಾಲು, ವರ್ಕಾಡಿ.

ಅರ್ಕಾವತ್ತಿನ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. 'ಪೆರ್ಲ' ಎನ್ನುವಾಗ ಬಾಯಲ್ಲಿ ರ್ ಮೊದಲು ಬರುತ್ತದೆ, ಲ ಆಮೇಲೆ. ಬರೆಯುವಾಗ ಲ ಮೊದಲು, ರ್‌ನ ಗುರುತು ಅದರ ಬಲಕ್ಕೆ. 'ಚಂದ್ರಗಿರಿ'ಯಲ್ಲಿ ದ ಮೊದಲು ಉಚ್ಚಾರ, ರ ಆಮೇಲೆ, ಗುರುತು ದ ಅಕ್ಷರದ ಕೆಳಗೆ. ಮಕ್ಕಳು 'ಸೂರ್ಯ'ವನ್ನು 'ಸೂಯ್ರ' ಎಂದು ಬರೆಯುವುದು ಈ ಗೊಂದಲದಿಂದಲೇ. ಪೆರ್ಲ, ಚಂದ್ರಗಿರಿ ಎರಡನ್ನೂ ಬೋರ್ಡಿನಲ್ಲಿ ಅಕ್ಕಪಕ್ಕ ಬರೆದು, ನಿಧಾನವಾಗಿ ಹೇಳಿಸಿ, ರ ಎಲ್ಲಿ ಕೇಳಿಸಿತು ಎಂದು ಕೇಳಿ. ಊರ ಹೆಸರು ಮಗುವಿಗೆ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಅಕ್ಷರದ ಮೇಲೆ ಇರುತ್ತದೆ.

ಆಯ್ಕೆಯ ಹಾಳೆ

ಒಂದು ಹಾಳೆಯಲ್ಲಿ ಆರು ಚೌಕ ಹಾಕಿ, ಒಂದೊಂದರಲ್ಲಿ ಒಂದು ಚಟುವಟಿಕೆ ಬರೆಯಿರಿ. ಆರಕ್ಕಿಂತ ಜಾಸ್ತಿ ಬೇಡ, ಹದಿನೈದು ಕೊಟ್ಟರೆ ಮಗು ಆರಿಸುವುದರಲ್ಲೇ ಸುಸ್ತಾಗುತ್ತದೆ. ಓದಲು ತಡವರಿಸುವ ಮಕ್ಕಳಿಗಾಗಿ ಚೌಕದಲ್ಲಿ ಸಣ್ಣ ಚಿತ್ರವೂ ಇರಲಿ.

ನೋಡು, ಮುಚ್ಚು, ಬರೆ, ಹೋಲಿಸು. ಪದವನ್ನು ನೋಡಿ ಗಟ್ಟಿಯಾಗಿ ಓದುವುದು, ಕೈಯಿಂದ ಮುಚ್ಚುವುದು, ನೆನಪಿನಿಂದ ಬರೆಯುವುದು, ಕೈ ತೆಗೆದು ಅಕ್ಷರ ಅಕ್ಷರ ಹೋಲಿಸುವುದು. ನೋಡಿ ಬರೆದದ್ದಕ್ಕಿಂತ ನೆನಪಿನಿಂದ ತೆಗೆದು ಬರೆದದ್ದು ಹೆಚ್ಚು ಕಾಲ ಉಳಿಯುತ್ತದೆ. ಆರರಲ್ಲಿ ಇದೊಂದನ್ನು ಕಡ್ಡಾಯ ಮಾಡಿ. ವಾರಕ್ಕೊಮ್ಮೆ ಎಲ್ಲರೂ ಇದನ್ನು ಮಾಡಲೇಬೇಕು.

ಅಕ್ಕಿಯಲ್ಲಿ ಬೆರಳು. ತಟ್ಟೆಯಲ್ಲಿ ಅಕ್ಕಿಯೋ ರವೆಯೋ ತೆಳ್ಳಗೆ ಹರಡಿ ಬೆರಳಿನಿಂದ ಬರೆಯುವುದು. ವಿಜಯದಶಮಿಯಂದು ಅಕ್ಕಿಯಲ್ಲೇ ಮೊದಲ ಅಕ್ಷರ ಬರೆದ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒತ್ತಕ್ಷರ ಎಲ್ಲಿ ಕೂರುತ್ತದೆ, ಮಹಾಪ್ರಾಣದ ಸೀಳು ಎಲ್ಲಿ ಬರುತ್ತದೆ ಎನ್ನುವುದು ಬೆರಳಿಗೆ ಬೇಗ ಗೊತ್ತಾಗುತ್ತದೆ. ಬರೆದು ಅಳಿಸಿ, ಎರಡನೇ ಸಲ ನೋಡದೆ ಬರೆಯಬೇಕು ಎಂಬ ನಿಯಮ ಇರಲಿ.

ಅಕ್ಷರ ಚೀಟಿ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಒಂದು ಚೀಟಿಗೆ ಒಂದು ಅಕ್ಷರದಂತೆ ಬರೆದು, ಕಲಸಿ, ಪದ ಕೂಡಿಸುವುದು. ಕತ್ತರಿಸುವಾಗ ಬ–ದಿ–ಯ–ಡ್ಕ ಎಂದು ನಾಲ್ಕಾಗಿಯೇ ಬರೆಯಬೇಕು, ಡ ಒಂದು ಚೀಟಿ ಅದರ ಒತ್ತು ಇನ್ನೊಂದು ಚೀಟಿ ಆಗಬಾರದು. ಜೊತೆಗೆ 'ಡ್ಡ' ಎಂಬ ಸುಳ್ಳು ಚೀಟಿ ಒಂದು ಸೇರಿಸಿದರೆ ಮಗು ಇನ್ನಷ್ಟು ಕಣ್ಣಿಟ್ಟು ನೋಡುತ್ತದೆ.

ನಾನೇ ಟೀಚರ್. ಮಗು ಪದ ಹೇಳುತ್ತದೆ, ಅಮ್ಮನೋ ಅಜ್ಜನೋ ಬರೆಯುತ್ತಾರೆ, ಮಗು ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತದೆ. ದೊಡ್ಡವರು ಬೇಕೆಂದೇ ಒಂದು ತಪ್ಪು ಮಾಡಲಿ. ಅದನ್ನು ಹಿಡಿದಾಗಿನ ಮಗುವಿನ ಮುಖ ನೋಡಬೇಕು! ಆರು ಚೌಕಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಪೇಪರಿನಲ್ಲಿ ಹುಡುಕಾಟ. ನಿನ್ನೆಯ ಪತ್ರಿಕೆಯಲ್ಲಿ ಈ ವಾರದ ಒತ್ತು ಇರುವ ಐದು ಪದ ಹುಡುಕಿ ಸುತ್ತು ಹಾಕಿ, ಪೇಪರ್ ಮಡಚಿಟ್ಟು ನೆನಪಿನಿಂದ ಬರೆಯುವುದು. ಅಂಗಡಿ ಬೋರ್ಡುಗಳಲ್ಲಿ ಹುಡುಕಿಸುವುದನ್ನು ಚಿಕ್ಕ ಮಕ್ಕಳಿಗೆ ಕೊಡಬೇಡಿ. ನಮ್ಮ ಕಡೆ ಬೋರ್ಡಿನ ಕನ್ನಡದಲ್ಲಿ ತಪ್ಪು ಜಾಸ್ತಿ. ಸರಿ ರೂಪ ಇನ್ನೂ ಗಟ್ಟಿಯಾಗದ ಮಗುವಿನ ಕಣ್ಣಿಗೆ ತಪ್ಪು ರೂಪವೇ ಅಂಟಿಕೊಳ್ಳುತ್ತದೆ. ಆರು, ಏಳನೇ ಕ್ಲಾಸಿನವರು ಬೇಕಾದರೆ ತಪ್ಪು ಹುಡುಕಲಿ.

ಮೂರು ಪದ, ಒಂದು ಕಥೆ. ಪಟ್ಟಿಯ ಮೂರು ಪದ ಸೇರಿಸಿ ನಾಲ್ಕು ಸಾಲು ಬರೆಯುವುದು. ಬರೆಯಲು ಇಷ್ಟಪಡುವ ಮಕ್ಕಳಿಗಾಗಿ ಇದು ಇರಲಿ.

ಬೀಜ ಜೋಡಿಸಿ ಅಕ್ಷರ ಮಾಡುವ ಚಟುವಟಿಕೆಯನ್ನೂ ಕೆಲವರು ಕೊಡುತ್ತಾರೆ. ಒಂದನೇ ಕ್ಲಾಸಿಗೆ ಸರಿ, ಹುಣಸೆ ಬೀಜ ಬಳಸಿ. ಗುಲಗಂಜಿ ಮಾತ್ರ ಬೇಡವೇ ಬೇಡ, ನೋಡಲು ಚೆಂದ ಇದ್ದರೂ ಅದರ ಬೀಜ ವಿಷ. ದೊಡ್ಡ ಕ್ಲಾಸಿಗೆ ಬೀಜ ಜೋಡಣೆಯಾಗಲಿ, ಪದಕ್ಕೆ ಬಣ್ಣ ತುಂಬುವುದಾಗಲಿ ನಾನು ಬೇಡ ಎನ್ನುತ್ತೇನೆ. ಅರ್ಧ ಗಂಟೆ ಕೈಗೆ ಕೆಲಸ, ಕಾಗುಣಿತಕ್ಕೆ ಸಿಗುವುದು ಒಂದೇ ನಿಮಿಷ. ಯಾವ ಹೊಸ ಚಟುವಟಿಕೆ ಸೇರಿಸುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಮಗು ಒಮ್ಮೆಯಾದರೂ ಪದವನ್ನು ನೋಡದೆ, ನೆನಪಿನಿಂದ ಕಟ್ಟುತ್ತದೆಯೇ? ಇಲ್ಲವಾದರೆ ಬಿಟ್ಟುಬಿಡಿ.

ಮನೆಗೆ ಕಳಿಸುವ ಮೊದಲು

ಆರನ್ನೂ ಮೊದಲು ತರಗತಿಯಲ್ಲೇ ಮಾಡಿಸಿ, ದಿನಕ್ಕೊಂದರಂತೆ. ಗೊತ್ತಿಲ್ಲದ್ದನ್ನು ಮಗು ಆರಿಸುವುದಿಲ್ಲ, ಆರಿಸಿದರೂ ಅಮ್ಮನ ತಲೆ ತಿನ್ನುತ್ತದೆ. ಆಮೇಲೆ ನಿಯಮ ಹೇಳಿ. ವಾರಕ್ಕೆ ಮೂರು ಚಟುವಟಿಕೆ: ಒಂದು ಕಡ್ಡಾಯದ್ದು, ಎರಡು ತನ್ನಿಷ್ಟದ್ದು. ಒಂದು ದಿನಕ್ಕೆ ಹದಿನೈದು ನಿಮಿಷ ಮೀರಬಾರದು. ಮಾಡಿದ ಚೌಕಕ್ಕೆ ಮಗುವೇ ಟಿಕ್ ಹಾಕಲಿ.

ಕೆಲವು ಮಕ್ಕಳು ಪ್ರತಿ ವಾರ ಅಕ್ಕಿಯನ್ನೇ ಆರಿಸುತ್ತಾರೆ. ಪದ ಬರುತ್ತಿದ್ದರೆ ಬಿಡಿ, ಅದು ಅವರ ದಾರಿ. ಬರುತ್ತಿಲ್ಲವಾದರೆ 'ಈ ವಾರ ಚೀಟಿ ಆಟ ಒಮ್ಮೆ ನೋಡು ಮಗಾ' ಎಂದು ಹೇಳಿ ಎರಡು ಚೌಕಕ್ಕೆ ಗುರುತು ಹಾಕಿ ಕೊಡಿ, ಆ ಎರಡರಲ್ಲಿ ಒಂದನ್ನು ಅದು ಆರಿಸಲಿ. ಆಯ್ಕೆಯನ್ನು ಪೂರ್ತಿ ಕಿತ್ತುಕೊಳ್ಳಬೇಡಿ.

ಮನೆಯಲ್ಲಿ ಕನ್ನಡ ಓದುವವರು ಇಲ್ಲದಿದ್ದರೆ

ನಮ್ಮಲ್ಲಿ ಇಂಥ ಮನೆಗಳು ತುಂಬಾ ಇವೆ. ಅಮ್ಮನಿಗೋ ಉಮ್ಮನಿಗೋ ಮಲಯಾಳಂ ಮಾತ್ರ ಓದಲು ಬರುತ್ತದೆ, ಇಲ್ಲವೇ ಓದಲೇ ಬರುವುದಿಲ್ಲ. ಅವರನ್ನು ಹೊರಗಿಡುವ ಹೋಂವರ್ಕ್ ಕೊಡಬಾರದು. ಟೀಚರ್ ಪದಗಳನ್ನು ನಿಧಾನವಾಗಿ, ಒಂದೊಂದರ ನಡುವೆ ಬರೆಯುವಷ್ಟು ಬಿಡುವು ಕೊಟ್ಟು ಓದಿ, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಧ್ವನಿ ಸಂದೇಶ ಹಾಕಿದರೆ ಮನೆಯಲ್ಲೇ ಉಕ್ತಲೇಖನ ಆಗಿಹೋಗುತ್ತದೆ. ಮಹಾಪ್ರಾಣವನ್ನು ಒತ್ತಿ ಹೇಳಿ. ಮಗುವಿಗೆ ಆ ಸದ್ದು ಮನೆಯಲ್ಲಿ ಕೇಳಲು ಸಿಗುವುದು ಈ ಒಂದು ಕಡೆಯಿಂದ ಮಾತ್ರ ಇರಬಹುದು. ತಿದ್ದುವುದಕ್ಕೂ ಓದು ಬೇಡ. ಪದದ ಪಟ್ಟಿ ಮತ್ತು ಮಗು ಬರೆದದ್ದು ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡೂ ಒಂದೇ ಥರ ಇದೆಯಾ ಎಂದು ಅಜ್ಜಿಯೂ ನೋಡಬಲ್ಲರು. 'ನಾನೇ ಟೀಚರ್' ಆಟದಲ್ಲಿ ಮಗು ಅಜ್ಜಿಗೇ ಅಕ್ಷರ ಕಲಿಸಲಿ. ಪೋಷಕರಿಗೆ ಕಳಿಸುವ ಚೀಟಿ ಕನ್ನಡದ ಜೊತೆ ಮಲಯಾಳಂನಲ್ಲೂ ಇದ್ದರೆ ಒಳ್ಳೆಯದು.

ಶುಕ್ರವಾರ

ಐದು ನಿಮಿಷದ ಉಕ್ತಲೇಖನ. ಅಂಕ ಬೇಡ. ಮಕ್ಕಳು ತಮ್ಮದನ್ನು ತಾವೇ ಬೋರ್ಡ್ ನೋಡಿ ತಿದ್ದಲಿ, ತಪ್ಪಿದ ಅಕ್ಷರಕ್ಕೆ ಮಾತ್ರ ಸುತ್ತು ಹಾಕಲಿ. ಇಡೀ ಪದಕ್ಕೆ ಕೆಂಪು ಗೀಟು ಹಾಕಿದರೆ ಮಗುವಿಗೆ ಏನೂ ತಿಳಿಯುವುದಿಲ್ಲ. 'ಬದಿಯಡ್ಕ'ದಲ್ಲಿ ಮೂರು ಅಕ್ಷರ ಸರಿ, ಒಂದು ಒತ್ತು ತಪ್ಪು ಎಂದು ಕಂಡರೆ ಏನು ಕಲಿಯಬೇಕು ಅಂತ ಅದಕ್ಕೇ ಗೊತ್ತಾಗುತ್ತದೆ. ಸುತ್ತು ಬಿದ್ದ ಪದಗಳು ಮುಂದಿನ ವಾರದ ಪಟ್ಟಿಗೆ ಹೋಗಲಿ, ಅಷ್ಟೇ ಹೊಸ ಪದ ಕಡಿಮೆ ಮಾಡಿ. ಆಯ್ಕೆಯ ಹಾಳೆಯನ್ನೂ ಒಮ್ಮೆ ತಿರುವಿ ನೋಡಿ. ಯಾರೂ ಟಿಕ್ ಹಾಕದ ಚೌಕವನ್ನು ತೆಗೆದು, ಅಲ್ಲಿ ಏನು ಬೇಕು ಎಂದು ಮಕ್ಕಳನ್ನೇ ಕೇಳಿ.