ಎನ್‌ಎಂಎಂಎಸ್‌ಗೆ ನಮ್ಮ ಮಕ್ಕಳನ್ನು ತಯಾರು ಮಾಡಿದ್ದು ಹೀಗೆ

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಎಂಟನೇ ತರಗತಿ ಮಕ್ಕಳನ್ನು ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್ ಕಂ ಮೆರಿಟ್ ಸ್ಕಾಲರ್‌ಶಿಪ್) ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆಗೆ ತಯಾರು ಮಾಡುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೇ ಬರುತ್ತಿದೆ. ಹೊಸದಾಗಿ ಈ ಜವಾಬ್ದಾರಿ ಹೊತ್ತವರು "ಎಲ್ಲಿಂದ ಶುರು ಮಾಡೋದು ಮೇಡಂ?" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಪರೀಕ್ಷೆಯ ವಿಚಾರ. ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ ವಿಷಯಗಳದ್ದು. ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಎರಡನೆಯದರಲ್ಲಿ ವಿಜ್ಞಾನ 35, ಸಮಾಜ ವಿಜ್ಞಾನ 35, ಗಣಿತ 20. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. 2008ರಲ್ಲಿ ಯೋಜನೆ ಶುರುವಾದಾಗ 6,000 ಇತ್ತು, 2017ರಲ್ಲಿ ಜಾಸ್ತಿ ಮಾಡಿದರು. ಖಾಸಗಿ ಶಾಲೆಯ ಮಕ್ಕಳು ಇದನ್ನು ಬರೆಯುವ ಹಾಗಿಲ್ಲ. ಪೈಪೋಟಿ ಏನಿದ್ದರೂ ಸರ್ಕಾರಿ ಮತ್ತು ಅನುದಾನಿತ ಶಾಲೆ ಮಕ್ಕಳ ನಡುವೆಯೇ. ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಬೇಕು. "ನಮ್ಮಂಥವರಿಗೆ ಎಲ್ಲಿ ಸಿಗುತ್ತೆ" ಅನ್ನುವ ಮಾತು ಅರ್ಧ ಅಲ್ಲೇ ನಿಲ್ಲುತ್ತದೆ.

ನಮ್ಮ ಮಕ್ಕಳಿಗೆ ಕಷ್ಟವಾಗುವುದು ಪಾಠ ಅಲ್ಲ. ಪ್ರಶ್ನೆ ಕೇಳುವ ರೀತಿ. ಮೂರು ಅಂಕದ ಉತ್ತರ ಬರೆದು ಅಭ್ಯಾಸವಾದ ಹುಡುಗನ ಮುಂದೆ ನಾಲ್ಕು ಉತ್ತರ ಇಟ್ಟರೆ, ನಾಲ್ಕೂ ಸರಿ ಅನ್ನಿಸುತ್ತವೆ. ಅದಕ್ಕೇ ನಾನು ಹಳೇ ಪ್ರಶ್ನೆಪತ್ರಿಕೆಗಳ ರಾಶಿ ಹಾಕಿ "ಬಿಡಿಸಿ" ಅನ್ನುವುದಿಲ್ಲ. ಮಕ್ಕಳ ಕೈಯಲ್ಲೇ ಪ್ರಶ್ನೆ ಮಾಡಿಸುತ್ತೇನೆ.

ಉದಾಹರಣೆಗೆ 3 + 2 × 4. ಸರಿ ಉತ್ತರ 11. ಇನ್ನು ಮೂರು ತಪ್ಪು ಉತ್ತರ ಕೊಡಿ, ಆದರೆ ಸುಮ್ನೆ ಬಾಯಿಗೆ ಬಂದ ಸಂಖ್ಯೆ ಬೇಡ, ಪ್ರತಿಯೊಂದಕ್ಕೂ ಯಾರೋ ಒಬ್ಬರು ಮೋಸ ಹೋಗಬೇಕು ಅನ್ನುತ್ತೇನೆ. ಮೊದಲು ಕೂಡಿಸಿದವನಿಗೆ 20 ಬರುತ್ತದೆ. ಎಲ್ಲವನ್ನೂ ಕೂಡಿಸಿದವನಿಗೆ 9. ಎಲ್ಲವನ್ನೂ ಗುಣಿಸಿದವನಿಗೆ 24. ತಪ್ಪು ಹುಟ್ಟುವುದು ಎಲ್ಲಿ ಅಂತ ಒಮ್ಮೆ ಕಂಡುಕೊಂಡರೆ ಪತ್ರಿಕೆ ನೋಡುವ ಕಣ್ಣೇ ಬದಲಾಗುತ್ತದೆ. ಗುಂಪು ಮಾಡಿ ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ ಕೊಟ್ಟರಂತೂ ಗಲಾಟೆಯೋ ಗಲಾಟೆ. ಪಕ್ಕದ ತರಗತಿಯವರು ಬೈದರೂ ಪರವಾಗಿಲ್ಲ, ಈ ಗಲಾಟೆ ಇರಲಿ. ವಿಜ್ಞಾನ, ಸಮಾಜದ ಮೇಷ್ಟ್ರುಗಳೂ ಈಗ ಹೀಗೇ ಮಾಡಿಸುತ್ತಾರೆ.

ಬೌದ್ಧಿಕ ಸಾಮರ್ಥ್ಯದ ಪತ್ರಿಕೆಗೆ ಸೂತ್ರ ಬಾಯಿಪಾಠ ಮಾಡಿಸಬೇಡಿ. 2, 6, 12, 20, 30, ಮುಂದೇನು? ಒಬ್ಬಳು 4, 6, 8, 10 ಅಂತ ವ್ಯತ್ಯಾಸ ಹಿಡಿಯುತ್ತಾಳೆ. ಇನ್ನೊಬ್ಬ 1×2, 2×3, 3×4 ಅನ್ನುತ್ತಾನೆ. ಇಬ್ಬರೂ ಬಂದು ಬೋರ್ಡಿನ ಮೇಲೆ ಬರೆಯಲಿ. ಇಬ್ಬರಿಗೂ 42 ಬಂತು ಅಲ್ವಾ? ಅಷ್ಟು ಸಾಕು. ಒಂದು ವಿಷಯ ಮಾತ್ರ ಬಾಯಿಗೆ ಬರಲೇಬೇಕು, ಇಂಗ್ಲಿಷ್ ಅಕ್ಷರಗಳ ಸ್ಥಾನ. ಅಕ್ಷರದ ಬದಲು ಬೇರೆ ಅಕ್ಷರ ಅಥವಾ ಸಂಖ್ಯೆ ಇಟ್ಟು ಕೇಳುವ ಸಂಕೇತದ ಪ್ರಶ್ನೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಬೆರಳು ಎಣಿಸುತ್ತಾ ಕೂತುಬಿಡುತ್ತಾರೆ. ಇ, ಜೆ, ಒ, ಟಿ, ವೈ ಅಂದರೆ 5, 10, 15, 20, 25. ಈ ಐದು ಗೊತ್ತಿದ್ದರೆ ಉಳಿದವು ಹಿಂದೆ ಮುಂದೆ ಸಿಗುತ್ತವೆ.

ಸರಿ ಉತ್ತರದ ವೃತ್ತ ತುಂಬುವ ಉತ್ತರ ಹಾಳೆಯ, ಅಂದರೆ ಒಎಂಆರ್ ಹಾಳೆಯ ನಕಲು ಮಾಡಿಸಿ ಬಾಲ್ ಪೆನ್ನಿನಲ್ಲೇ ಅಭ್ಯಾಸ ಮಾಡಿಸಿ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವರು ಹಾಳೆಯಲ್ಲಿ ಆ ಸಾಲು ಬಿಡಲು ಮರೆಯುತ್ತಾರೆ, ಅಲ್ಲಿಂದಾಚೆ ಎಲ್ಲಾ ಉತ್ತರವೂ ಒಂದೊಂದು ಮನೆ ಮೇಲಕ್ಕೆ ಹೋಗುತ್ತದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಯಾವ ಸಾಲೂ ಖಾಲಿ ಇರಬಾರದು.

ಪಾಸಾಗುವುದೇ ಬೇರೆ, ಆಯ್ಕೆಯಾಗುವುದೇ ಬೇರೆ. ಎರಡೂ ಪತ್ರಿಕೆ ಸೇರಿ ಶೇಕಡಾ 40 ಬಂದರೆ ಪಾಸು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 32. ಆದರೆ ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ರಾಜ್ಯಕ್ಕೆ ಸಿಗುವುದು ಒಂದು ಪಾಲು. ಜಾಣ ಮಕ್ಕಳೂ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಇದನ್ನು ಫಲಿತಾಂಶ ಬಂದ ಮೇಲೆ ಹೇಳಿದರೆ ಸಮಾಧಾನದ ಮಾತಿನ ಹಾಗೆ ಕೇಳಿಸುತ್ತದೆ. ಮೊದಲೇ ಹೇಳಿ.

ಇನ್ನು ಕಾಗದಪತ್ರದ ಕೆಲಸ. ನನ್ನ ಪ್ರಕಾರ ಪಾಠಕ್ಕಿಂತ ಇದೇ ಹೆಚ್ಚು ಮಕ್ಕಳಿಗೆ ವಿದ್ಯಾರ್ಥಿವೇತನ ಕೈ ತಪ್ಪಿಸುತ್ತದೆ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಎಂಟನೇ ತರಗತಿಗೆ ಸೇರಿದ ತಿಂಗಳಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ, ತಿದ್ದುಪಡಿ ಇದ್ದರೆ ಆಗಲೇ ಪೋಷಕರನ್ನು ಕಳಿಸುತ್ತೇನೆ. ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಬಾರದು, ಆ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಡಬೇಕು. ಆಯ್ಕೆಯಾದವರು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಲೂಬೇಕು. ಶಾಲೆಯವರು ಪರಿಶೀಲಿಸಿ ಮುಂದಕ್ಕೆ ಕಳಿಸದಿದ್ದರೆ ಅರ್ಜಿ ಅಲ್ಲೇ ಕೂತಿರುತ್ತದೆ. ಅದಕ್ಕೆ ಕೊನೆಯ ದಿನಾಂಕವನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದೇನೆ.

ಹತ್ತನೇ ತರಗತಿಯಲ್ಲಿ ಶೇಕಡಾ 60 ಬರಬೇಕು, ಪರಿಶಿಷ್ಟರಿಗೆ 55, ಇಲ್ಲದಿದ್ದರೆ ಮುಂದಿನ ಎರಡು ವರ್ಷದ ಹಣ ಇಲ್ಲ. ಹಾಗೇ ಅನುದಾನವಿಲ್ಲದ ಖಾಸಗಿ ಪಿಯು ಕಾಲೇಜಿಗೆ ಸೇರಿದರೂ ನಿಂತುಹೋಗುತ್ತದೆ. ಇದು ಬಹಳ ಪೋಷಕರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಅವರನ್ನು ಕರೆದು ಕೂರಿಸಿ, ಎರಡು ವರ್ಷಕ್ಕೆ ಕೈತಪ್ಪುವ 24,000 ರೂಪಾಯಿಯನ್ನೂ ಆ ಕಾಲೇಜಿನ ಶುಲ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತೇನೆ.